ಪಟ್ಟೆ ನೋಡಿ ತಗೊಂಡ ಮೇಪಲ್ ಗಿಟಾರು, ಕಿವಿಗೆ ಒಗ್ಗೋಕೆ ಎಂಟು ತಿಂಗಳು

ಮೊದ್ಲೇ ಹೇಳ್ಬಿಡ್ತೀನಿ, ಈ ಗಿಟಾರನ್ನ ನಾನು ಕಿವಿಯಿಂದ ಆರಿಸಿದ್ದಲ್ಲ, ಕಣ್ಣಿಂದ ಆರಿಸಿದ್ದು. ಗಿಟಾರ್ ನುಡಿಸೋರು ಯಾರೂ ಇದನ್ನ ಒಪ್ಕೊಳಲ್ಲ, ಎಲ್ರೂ ಟೋನ್ ಇಷ್ಟ ಆಯ್ತು ಅಂತಾನೇ ಹೇಳೋದು, ನಾನೂ ಮನೇಲಿ ಹೆಂಡ್ತಿ ಹತ್ರ ಹಂಗೇ ಹೇಳಿದ್ದೆ. ಅಸಲಿಗೆ ಆಗಿದ್ದು ಇಷ್ಟು. ಜೆಪಿ ನಗರದಲ್ಲಿ ಒಬ್ರು ಕೆನಡಾಗೆ ಶಿಫ್ಟ್ ಆಗ್ತಾ ಇದ್ರು, ಸಾಮಾನೆಲ್ಲ ಮಾರ್ತಾ ಇದ್ರು, ಅದ್ರಲ್ಲಿ ಒಂದು ಟೇಲರ್ ಅನ್ನೋ ಅಮೇರಿಕಾದ ಕಂಪನಿಯ ಗಿಟಾರು, ಮಾಡೆಲ್ 614ಸಿಇ, 2016ರದ್ದು, ಬೆನ್ನು ಮೇಪಲ್ ಅನ್ನೋ ಮರದ್ದು. ನಾನು ಹೋಗಿದ್ದು ಸಂಜೆ ಐದೂವರೆಗೆ, ಹಾಲ್‌ಗೆ ಪಶ್ಚಿಮದ ಬಿಸಿಲು ನೇರ ಬೀಳ್ತಾ ಇತ್ತು, ಅವ್ರು ಕೇಸ್ ತೆಗೆದು ಗಿಟಾರನ್ನ ಬೆನ್ನು ಮೇಲಾಗಿ ಸೋಫಾ ಮೇಲೆ ಇಟ್ರು. ಅಲ್ಲಿಗೆ ನನ್ನ ಕಥೆ ಮುಗೀತು. ಬೆಲ್ಲದ ಪಾಕದ ಬಣ್ಣದ ಮರ, ಅದ್ರ ಮೇಲೆ ಅಡ್ಡಡ್ಡ ಪಟ್ಟೆ, ಒಂದೊಂದು ಬೆರಳಗಲಕ್ಕಿಂತ ಕಮ್ಮಿ, ನಡುವಿನ ಜೋಡಣೆ ಗೆರೆಯಿಂದ ಎರಡೂ ಕಡೆ ಕನ್ನಡೀಲಿ ನೋಡ್ದಂಗೆ ಸಮ. ಕಿಟಕಿ ಪರದೆ ಗಾಳಿಗೆ ಅಲ್ಲಾಡಿ ಬೆಳಕು ಒಂಚೂರು ಸರಿದಿದ್ದಕ್ಕೆ ಕಪ್ಪಿದ್ದ ಪಟ್ಟೆ ಬೆಳಗ್ತು, ಬೆಳಗಿದ್ದ ಪಟ್ಟೆ ಕಪ್ಪಾಯ್ತು. ನಾಲ್ಕು ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸೋದು) ಹೊಡೆದೆ, ಏನು ಕೇಳಿಸ್ತು ಅಂತ ಈಗ್ಲೂ ನೆನಪಿಲ್ಲ. ಒಂದೂ ಮುಕ್ಕಾಲು ಲಕ್ಷ ಅಂದ್ರು, ಹತ್ತು ಸಾವಿರ ಬಿಡಿ ಅಂದೆ, ಐದು ಬಿಟ್ರು.

ಆ ಬಣ್ಣಕ್ಕೆ ಕಂಪನಿಯೋರು ಇಟ್ಟಿರೋ ಹೆಸ್ರು ಬ್ರೌನ್ ಶುಗರ್. ಅಮೇರಿಕಾದಲ್ಲಿ ಅದು ಕಂದು ಸಕ್ಕರೆ ಅಷ್ಟೇ, ನಮ್ಮಲ್ಲಿ ಆ ಹೆಸ್ರು ಕೇಳಿದ್ರೆ ಪೊಲೀಸ್ ಸ್ಟೇಷನ್ ನೆನಪಾಗುತ್ತೆ. ಫ್ರೆಂಡ್ಸ್ ಗ್ರೂಪ್‌ನಲ್ಲಿ "ಬ್ರೌನ್ ಶುಗರ್ ತಗೊಂಡೆ" ಅಂತ ಹಾಕಿ ಮೂರು ಜನರಿಂದ ಫೋನ್ ಬಂತು.

ಈ ಪಟ್ಟೆ ನಂಗೆ ಹೊಸದೇನಲ್ಲ. ಸಾಗರದಲ್ಲಿ ನಮ್ಮನೆ ಪಕ್ಕ ಪಿಟೀಲು ಮೇಷ್ಟ್ರು ಇದ್ರು, ಅವ್ರ ಪಿಟೀಲಿನ ಬೆನ್ನು ಥೇಟ್ ಹೀಗೇ ಇತ್ತು, ಹುಲಿ ಪಟ್ಟೆ ಅಂತಿದ್ವಿ. ಪಿಟೀಲು ಅಂದ್ರೆ ಮುಂದೆ ಸ್ಪ್ರೂಸ್ ಅನ್ನೋ ಹಗುರ ಮರ, ಹಿಂದೆ ಮೇಪಲ್, ಅದು ನಾನೂರು ವರ್ಷಕ್ಕೂ ಹಳೇ ಲೆಕ್ಕ, ಮೈಸೂರು ಚೌಡಯ್ಯನವರು ಏಳು ತಂತಿ ಹಾಕ್ಕೊಂಡ ಮೇಲೂ ಅದು ಪಿಟೀಲೇ. ನನ್ನ ಗಿಟಾರಲ್ಲೂ ಅದೇ ಜೋಡಿ, ಮುಂದೆ ಸಿಟ್ಕಾ ಸ್ಪ್ರೂಸ್, ಬೆನ್ನು ಪಕ್ಕೆ ಬಿಗ್‌ಲೀಫ್ ಮೇಪಲ್, ಕುತ್ತಿಗೆನೂ ಮೇಪಲ್ಲೇ. ಬಿಗ್‌ಲೀಫ್ ಬೆಳೆಯೋದು ಅಮೇರಿಕಾ, ಕೆನಡಾದ ಪಶ್ಚಿಮ ಕರಾವಳೀಲಿ. ಸಿರಪ್ಪಿಗೆ ಹೆಸರಾದ ಶುಗರ್ ಮೇಪಲ್ ಬೇರೆ, ಅದು ಇದಕ್ಕಿಂತ ಗಟ್ಟಿ, ತೂಕ.

ಪಟ್ಟೆ ಯಾಕೆ ಬರುತ್ತೆ ಅಂತ ನಂಗೆ ಸರಿಯಾಗಿ ಅರ್ಥ ಮಾಡಿಸಿದ್ದು ಅಪ್ಪ. ಅವ್ರು ಸಾಗರದ ಸಾಮಿಲ್ ಒಂದರಲ್ಲಿ ಇಪ್ಪತ್ತಾರು ವರ್ಷ ಇದ್ದೋರು. ದೀಪಾವಳಿಗೆ ಬಂದಾಗ ತೋರಿಸ್ದೆ, ತಂತಿ ಕಡೆ ನೋಡ್ಲೇ ಇಲ್ಲ, ಬೆನ್ನು ಮೇಲೆ ಮಾಡಿ ಟ್ಯೂಬ್‌ಲೈಟ್ ಕೆಳಗೆ ಹಿಡ್ಕೊಂಡು ಆ ಕಡೆ ಈ ಕಡೆ ವಾಲಿಸಿದ್ರು, ಆಮೇಲೆ ಹೆಬ್ಬೆರಳಲ್ಲಿ ಪಟ್ಟೆ ಮೇಲೆ ಮೆಲ್ಲಗೆ ಒರೆಸಿದ್ರು, ಏರುತಗ್ಗು ಸಿಗುತ್ತಾ ಅಂತ. ಸಿಗಲ್ಲ, ಗಾಜಿನಂಗಿದೆ. "ಎಳೆ ಅಲೆ ಅಲೆಯಾಗಿ ಬಂದಿರೋ ಮರ ಇದು, ಇಂಥದ್ದು ಬಂದ್ರೆ ನಾವು ಬೈಕೋತಿದ್ವಿ, ಕೀಸುಳಿ ಹೊಡೆದ್ರೆ ಚಕ್ಕೆ ಚಕ್ಕೆ ಕಿತ್ಕೊಂಡು ಬರುತ್ತೆ" ಅಂದ್ರು. ಅಷ್ಟೇ ವಿಷ್ಯ. ಮರದ ಎಳೆ ನೆಟ್ಟಗೆ ಹೋಗೋ ಬದ್ಲು ಶೀಟ್ ಛಾವಣಿ ತರ ಅಲೆ ಅಲೆಯಾಗಿ ಹೋಗಿರುತ್ತೆ, ಅದನ್ನ ಸಪಾಟಾಗಿ ಕೊಯ್ದಾಗ ಒಂದು ಕಡೆ ಎಳೆಯ ಮೈ ಕಾಣುತ್ತೆ, ಪಕ್ಕದಲ್ಲೇ ಎಳೆಯ ತುದಿ ಕಾಣುತ್ತೆ. ಮೈ ಬೆಳಕನ್ನ ವಾಪಸ್ ಕೊಡುತ್ತೆ, ತುದಿ ನುಂಗುತ್ತೆ, ಬಣ್ಣ ಹಚ್ಚಿದ್ರೂ ತುದೀನೇ ಜಾಸ್ತಿ ಕುಡಿಯೋದು. ವಾಲಿಸಿದ್ರೆ ಪಾತ್ರ ಅದಲು ಬದಲು. ಅಮ್ಮ ನೋಡಿ "ನನ್ನ ನವಿಲುಕಂಠದ ಸೀರೆ ಹಂಗೇ ಇದೆ" ಅಂದ್ರು, ಹಾಸು ಒಂದು ಬಣ್ಣ ಹೊಕ್ಕು ಒಂದು ಬಣ್ಣ ಇರುತ್ತಲ್ಲ ಅದು. ಹದಿನೈದು ನಿಮಿಷ ನಾನು ಓದಿ ತಿಳ್ಕೊಂಡಿದ್ದನ್ನ ಒಂದೇ ಮಾತಲ್ಲಿ ಹೇಳಿದ್ರು. ಮೇಪಲ್ಲಿನಲ್ಲಿ ಕ್ವಿಲ್ಟ್ ಅಂತ ಗುಳ್ಳೆ ಗುಳ್ಳೆ ಥರದ್ದೂ ಇದೆ, ಬರ್ಡ್ಸ್ ಐ ಅಂತ ಚುಕ್ಕಿದೂ ಇದೆ, ನಂಗೆ ಅವೆರಡೂ ಸ್ವಲ್ಪ ಆಡಂಬರ ಅನ್ಸುತ್ತೆ.

ಕಮ್ಮಿ ರೇಟಿನ ಗಿಟಾರಲ್ಲಿ ಇದೇ ಪಟ್ಟೆಯ ಪ್ರಿಂಟ್ ಅಂಟಿಸಿರೋದೂ ಉಂಟು, ಕಂಡುಹಿಡಿಯೋದು ಸುಲಭ, ವಾಲಿಸಿ ನೋಡಿ, ಪ್ರಿಂಟಾದ್ರೆ ಪಟ್ಟೆ ಇದ್ದಲ್ಲೇ ಇರುತ್ತೆ.

ಈಗ ಸೌಂಡಿಗೆ ಬರ್ತೀನಿ, ಬೇಜಾರಿನ ಕಥೆ ಶುರು ಆಗೋದು ಇಲ್ಲೇ. ನನ್ನ ಹತ್ರ ಒಂಬತ್ತು ವರ್ಷದಿಂದ ರೋಸ್‌ವುಡ್ ಗಿಟಾರ್ ಇತ್ತು, ಇಂಡಿಯನ್ ರೋಸ್‌ವುಡ್, ಅಂದ್ರೆ ನಮ್ಮ ಬೀಟೆ. ಪ್ರಪಂಚದ ದೊಡ್ಡ ದೊಡ್ಡ ಗಿಟಾರ್ ಕಂಪನಿಗಳು ಬ್ರೆಜಿಲ್ ರೋಸ್‌ವುಡ್ ಸಿಗೋದು ಕಷ್ಟ ಆದಾಗ ಹಿಡಿದಿದ್ದು ನಮ್ಮ ಪಶ್ಚಿಮ ಘಟ್ಟದ ಮರಾನ, ಮಾರ್ಟಿನ್‌ನೋರು 1969ರ ಹೊತ್ತಿಗೇ ಬದಲಾಯಿಸಿದ್ರು. ನಮ್ಮ ತೋಟದಲ್ಲಿ ಒಂದು ಬೀಟೆ ಇದೆ, ಪರ್ಮಿಷನ್ ಇಲ್ದೆ ಕೊಂಬೆ ಮುಟ್ಟೋ ಹಾಗಿಲ್ಲ, ಅದೇ ಜಾತಿ ಮರ ಅಮೇರಿಕಾಗೆ ಹೋಗಿ ಗಿಟಾರಾಗಿ ಡಾಲರ್ ಲೆಕ್ಕದಲ್ಲಿ ವಾಪಸ್ ಬರುತ್ತೆ. ಇರ್ಲಿ.

ಆ ಬೀಟೆ ಗಿಟಾರಲ್ಲಿ ಒಂದು ಇ ಮೈನರ್ ಕಾರ್ಡ್ ಎಳೆದು ಬಿಟ್ರೆ ಗುಂಯ್ ಅಂತ ಕೆಳಗಿಂದ ಎದ್ದು ದೇವಸ್ಥಾನದ ಗಂಟೆ ಥರ ಬಾಲ ಎಳ್ಕೊಂಡು ಹೋಗುತ್ತೆ, ನೀವು ಸುಮ್ನೆ ಕೂತಿದ್ರೂ ಅದು ಹಾಡ್ತಾ ಇರುತ್ತೆ. ಮೇಪಲ್‌ನಲ್ಲಿ ಅದೇ ಇ ಮೈನರ್ ಎಳೆದೆ. ಠಣ್. ಅಷ್ಟೇ. ಆರೂ ಸ್ವರ ಬೇರೆ ಬೇರೆಯಾಗಿ ಲೆಕ್ಕ ಹಾಕೋ ಹಾಗೆ ಕೇಳಿಸ್ತು, ಕೇಳಿಸಿ ಹೋಯ್ತು. ಅವಲಕ್ಕಿಗೆ ಮೊಸರು ಹಾಕೋದು ಮರೆತ ಹಾಗೆ. ಮೊದಲನೇ ವಾರ ತಂತಿ ಹಳೇದು ಅಂದ್ಕೊಂಡೆ, ಎರಡನೇ ವಾರ ರೂಮ್ ಸರಿ ಇಲ್ಲ ಅಂದ್ಕೊಂಡೆ, ಮೂರನೇ ವಾರ ಇನ್ಮೇಲೆ ಯಾರನ್ನ ಬೈಯೋದು ಅಂತ ಗೊತ್ತಾಗ್ಲಿಲ್ಲ.

ಕಾರಣ ಆಮೇಲೆ ಗೊತ್ತಾಯ್ತು. ಬೀಟೆ ತೂಕದ ಮರ, ಘನ ಮೀಟರಿಗೆ ಸುಮಾರು 830 ಕೆಜಿ, ಬಿಗ್‌ಲೀಫ್ ಮೇಪಲ್ ಸುಮಾರು 550. ತೂಕಕ್ಕಿಂತ ಮುಖ್ಯ ಅಂದ್ರೆ ಒಳಗಿನ ಡ್ಯಾಂಪಿಂಗು, ಅಂದ್ರೆ ಮರ ಕಂಪನಾನ ಎಷ್ಟು ಬೇಗ ಅಡಗಿಸುತ್ತೆ ಅನ್ನೋದು. ಬೀಟೆ ಹಲಗೆನ ನೇತು ಹಾಕಿ ಗೆಣ್ಣಿಂದ ಬಡಿದ್ರೆ ಕಂಚಿನ ತಟ್ಟೆ ಥರ ಕಣಕಣ ಅನ್ನುತ್ತೆ, ಮೇಪಲ್ ಹಲಗೆ ಟಕ್ ಅಂದು ಸುಮ್ನಾಗುತ್ತೆ, ಬಂದ ಕಂಪನಾನ ಬೇಗ ನುಂಗ್ಕೊಳ್ಳುತ್ತೆ. ಅದಕ್ಕೇ ಬಾಲ ಗಿಡ್ಡ, ಮೇಲಿನ ಅನುರಣನ ಕಮ್ಮಿ, ಮೂಲ ಸ್ವರ ಮಾತ್ರ ಎದುರಿಗೆ ಬಂದು ನಿಲ್ಲುತ್ತೆ. ಈ ಒಣ ಸೌಂಡಿನ ಬಗ್ಗೆ ಕಂಪ್ಲೇಂಟ್ ಕಂಪನಿಗೂ ಗೊತ್ತಿತ್ತು ಅನ್ಸುತ್ತೆ, 2015ರಲ್ಲಿ ಆಂಡಿ ಪವರ್ಸ್ ಅನ್ನೋ ಡಿಸೈನರ್ ಕೈಲಿ ನನ್ನ ಗಿಟಾರ್ ಸೇರೋ 600 ಸೀರೀಸನ್ನ ಪೂರ್ತಿ ಬದಲಾಯಿಸಿದ್ರು, ಸ್ಪ್ರೂಸ್ ಹಲಗೆನ ಆಮ್ಲಜನಕ ಕಮ್ಮಿ ಇರೋ ಒಲೆಯಲ್ಲಿ ಹುರಿದು ಹಳೇ ಮರದ ಗುಣ ತರೋದು, ಬೆನ್ನಿನ ಒಳಗಿನ ಪಟ್ಟಿಗಳನ್ನ ಬೇರೆ ಥರ ಕೂರಿಸೋದು ಎಲ್ಲ ಆಗ ಬಂದಿದ್ದು. ನನ್ನದು ಆ ಸುಧಾರಿಸಿದ ಮಾಡೆಲ್ಲೇ, ಅಂದ್ರೆ ಅದಕ್ಕಿಂತ ಹಳೇದು ಇನ್ನೆಷ್ಟು ಒಣ ಇತ್ತೋ.

ಮಾರೋಕೆ ಫೋಟೋನೂ ತೆಗೆದಿದ್ದೆ. ಫೋಟೋದಲ್ಲಿ ಎಷ್ಟು ಚೆನ್ನಾಗಿ ಕಂಡಿತು ಅಂದ್ರೆ ಮಾರೋಕೆ ಮನಸ್ಸು ಬರ್ಲಿಲ್ಲ, ನಗಬೇಡಿ.

ಆಮೇಲೆ ಒಂದೊಂದೇ ಬದಲಾಯಿಸ್ತಾ ಹೋದೆ. ಮೊದ್ಲು ತಂತಿ, 80/20 ಬ್ರಾಂಜ್ ಅನ್ನೋ ಮಿಶ್ರಲೋಹದ್ದು ಇತ್ತು, ಅದು ಮೊದಲೇ ಚುರುಕು, ಚುರುಕು ಮರಕ್ಕೆ ಚುರುಕು ತಂತಿ ಹಾಕಿದ್ರೆ ಸಾರಿಗೆ ಎರಡು ಸಲ ಹುಳಿ ಹಿಂಡಿದ ಹಾಗೆ. ಫಾಸ್ಫರ್ ಬ್ರಾಂಜ್ ತಂತಿ ಹಾಕ್ದೆ, ಸ್ವಲ್ಪ ಮೈ ತುಂಬ್ತು. ತಂತಿ ಮೀಟೋ ಪಿಕ್ ನಾನು ಬಳಸ್ತಿದ್ದಿದ್ದು 0.73 ಎಂಎಂ ದಪ್ಪದ್ದು, ಅದ್ರ ಟಪಟಪ ಸದ್ದು ಬೀಟೆಯ ಗುಂಯ್‌ನಲ್ಲಿ ಮುಚ್ಚಿ ಹೋಗ್ತಿತ್ತು, ಇಲ್ಲಿ ಬೆತ್ತಲೆ ಕೇಳಿಸೋದು. 1.2ಕ್ಕೆ ಬಂದೆ. ಕೈಯನ್ನ ಬ್ರಿಜ್ ಹತ್ರದಿಂದ ಸೌಂಡ್‌ಹೋಲ್ ಕಡೆ ಎರಡು ಬೆರಳು ಸರಿಸಿದೆ. ಇದೆಲ್ಲ ಸೇರಿ ಇಪ್ಪತ್ತು ಪರ್ಸೆಂಟ್ ಆಗಿರ್ಬೋದು, ಉಳಿದಿದ್ದು ನನ್ನ ಬಲಗೈ. ಒಂಬತ್ತು ವರ್ಷ ಬೀಟೆ ನನ್ನ ತಪ್ಪೆಲ್ಲ ಮುಚ್ಚಿ ಹಾಕಿತ್ತು, ಅಪ್‌ಸ್ಟ್ರೋಕಿನಲ್ಲಿ ಎರಡು ತಂತಿ ತಪ್ಪಿದ್ರೂ ಹಿಂದಿನ ಕಾರ್ಡಿನ ಬಾಲ ಆ ಜಾಗ ತುಂಬ್ತಿತ್ತು. ಮೇಪಲ್ ಒಂದನ್ನೂ ಮುಚ್ಚಲ್ಲ. ಮೆಲ್ಲಗೆ ಹೊಡೆದ್ರೆ ಮೆಲ್ಲಗೆ, ಜೋರಾಗಿ ಹೊಡೆದ್ರೆ ಜೋರಾಗಿ, ಅರ್ಧಂಬರ್ಧ ಹೊಡೆದ್ರೆ ಅದೂ ಎಲ್ರಿಗೂ ಗೊತ್ತಾಗುತ್ತೆ.

ಎಂಟನೇ ತಿಂಗಳು ಮೈಸೂರಲ್ಲಿ ಒಂದು ಭಾವಗೀತೆ ಕಾರ್ಯಕ್ರಮ. ತಬಲಾ, ಕೀಬೋರ್ಡ್, ಕೊಳಲು, ಇಬ್ರು ಹಾಡೋರು, ನಾನು ರಿದಮ್ ಗಿಟಾರ್. ಬೀಟೆ ಗಿಟಾರಿನ ಪಿಕಪ್ಪು, ಅಂದ್ರೆ ಸೌಂಡನ್ನ ಸ್ಪೀಕರಿಗೆ ಕಳಿಸೋ ಭಾಗ, ಕೈ ಕೊಟ್ಟಿದ್ದಕ್ಕೆ ವಿಧಿಯಿಲ್ದೆ ಇದನ್ನ ತಗೊಂಡು ಹೋದೆ. ಪ್ರತಿ ಸಲ ಸೌಂಡ್ ಚೆಕ್‌ನಲ್ಲಿ ಏನಾಗ್ತಿತ್ತು ಅಂದ್ರೆ, ತಬಲಾದ ಡಗ್ಗ ಮತ್ತೆ ನನ್ನ ದಪ್ಪ ತಂತಿಗಳ ತಗ್ಗು ಸ್ವರ ಒಂದೇ ಜಾಗಕ್ಕೆ ಜಗಳ ಆಡೋವು, ಮಿಕ್ಸರ್ ಹತ್ರ ಕೂತೋರು 200 ಹರ್ಟ್ಜ್ ಆಸುಪಾಸು ಕತ್ತರಿಸಿ ಕತ್ತರಿಸಿ ಕೊನೆಗೆ ನನ್ನ ಗಿಟಾರು ರೇಡಿಯೋ ಥರ ಕೇಳೋದು. ಅವತ್ತು ಎರಡು ಪಲ್ಲವಿ ಆಯ್ತು, ಆತ ಏನೂ ಮುಟ್ಲಿಲ್ಲ, ಇದು ಯಾವ ಗಿಟಾರ್ ಸರ್ ಅಂತ ಕೇಳ್ದ. ಡಗ್ಗದ ಘುಮ್ ಪೂರ್ತಿ ಕೇಳಿಸ್ತಿದೆ, ಹಾಡೋರ ಮಾತು ಪೂರ್ತಿ ಕೇಳಿಸ್ತಿದೆ, ಎರಡರ ಮಧ್ಯೆ ನನ್ನ ಕಾರ್ಡ್ ಬಂದು ತನ್ನ ಕೆಲ್ಸ ಮುಗಿಸಿ ಪಕ್ಕಕ್ಕೆ ಸರೀತಿದೆ. ಭಾವಗೀತೇಲಿ ಮಾತೇ ಯಜಮಾನ, ಒಂದು ಅಕ್ಷರ ಗಿಟಾರಿನ ಗುಂಯ್ ಕೆಳಗೆ ಸಿಕ್ಕಿದ್ರೂ ಕವಿ ಬರೆದಿದ್ದು ವ್ಯರ್ಥ. ಮನೇಲಿ ಯಾವುದನ್ನ ಕೊರತೆ ಅಂತ ಬೈತಿದ್ನೋ ಆ ಗಿಡ್ಡ ಬಾಲಾನೇ ಇಲ್ಲಿ ಬೇಕಾಗಿದ್ದು.

ಆಮೇಲೆ ನೋಡಿದ್ರೆ ಇದು ಹಳೇ ಸಂಗತಿ. ಗಿಬ್ಸನ್‌ನೋರ ದೊಡ್ಡ ಗಿಟಾರ್ ಜೆ-200 ಇದ್ಯಲ್ಲ, 1937ರಲ್ಲಿ ರೇ ವಿಟ್ಲಿ ಅನ್ನೋ ಸಿನಿಮಾ ಕೌಬಾಯ್ ಹಾಡುಗಾರನಿಗೆ ಮಾಡಿದ್ದು, ಶುರೂನಲ್ಲಿ ರೋಸ್‌ವುಡ್, ಯುದ್ಧ ಮುಗಿದ ಮೇಲೆ ಮೇಪಲ್ಲಿಗೆ ಬದಲಾದ್ರು. ಹದಿನೇಳು ಇಂಚಿನ ಹತ್ರ ಅಗಲ, ಅಷ್ಟು ದೊಡ್ಡ ಡಬ್ಬಕ್ಕೆ ಲಗಾಮು ಹಾಕೋಕೆ ಮೇಪಲ್ಲೇ ಸರಿ ಅನ್ಸುತ್ತೆ. ಎಲ್ವಿಸ್ ಕೈಲಿ ಇದ್ದಿದ್ದು, ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಜೋರಾಗಿ ಎಳೀತಿದ್ದಿದ್ದು ಅದನ್ನೇ. ಇಬ್ರೂ ಹಾಡ್ತಾ ನುಡಿಸೋರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮರ್ಯಾದೆ ನಾನೇ ತೆಗೀತೀನಿ. ಎರಡೂ ಗಿಟಾರಿಗೆ ಒಂದೇ ತಂತಿ ಹಾಕಿ, ಹನ್ನೆರಡನೇ ಫ್ರೆಟ್ ಎದುರಿಗೆ ಒಂದಡಿ ದೂರ ಮೈಕ್ ಇಟ್ಟು ಹತ್ತು ಕ್ಲಿಪ್ ರೆಕಾರ್ಡ್ ಮಾಡ್ದೆ, ಮಗಳು ಹಿಂದೆ ಮುಂದೆ ಕಲಸಿ ಕೇಳಿಸಿದ್ಳು. ಯಾವುದು ಯಾವ ಗಿಟಾರು ಅಂತ ನಾನು ಹೇಳ್ಬೇಕು, ಹತ್ತರಲ್ಲಿ ಆರು ಸರಿ. ನಾಣ್ಯ ಚಿಮ್ಮಿದ್ರೂ ಐದು ಬರ್ತಿತ್ತು. ಲ್ಯಾಂಕಾಸ್ಟರ್ ಯೂನಿವರ್ಸಿಟಿಯೋರು 2018ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿದಾರೆ, ಬೆನ್ನು ಪಕ್ಕೆ ಮರ ಮಾತ್ರ ಬೇರೆ ಇರೋ ಆರು ಗಿಟಾರ್, ಅದ್ರಲ್ಲಿ ಮೇಪಲ್ಲೂ ಇತ್ತು, ಇಂಡಿಯನ್ ರೋಸ್‌ವುಡ್ಡೂ ಇತ್ತು, 52 ಜನ ಗಿಟಾರಿಸ್ಟ್‌ಗಳಿಗೆ ಮರ ಕಾಣದ ಹಾಗೆ ವೆಲ್ಡಿಂಗ್ ಕನ್ನಡಕ ಹಾಕಿ ಮಂದ ಬೆಳಕಲ್ಲಿ ನುಡಿಸೋಕೆ ಕೊಟ್ರು, ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಮಾರ್ಕ್ಸ್ ಬಿತ್ತು. 1862ರಲ್ಲೇ ಸ್ಪೇನಿನ ಗಿಟಾರ್ ತಯಾರಕ ಟೊರೆಸ್ ಬೆನ್ನು ಪಕ್ಕೆನ ರಟ್ಟಲ್ಲಿ ಮಾಡಿ ಮುಂದಿನ ಹಲಗೆನೇ ಮುಖ್ಯ ಅಂತ ತೋರಿಸಿದ್ದ. ಹಾಗಾದ್ರೆ ಮೈಸೂರಲ್ಲಿ ಆಗಿದ್ದು ಏನು? ನನ್ನ ಎರಡು ಗಿಟಾರಿಗೆ ಮರ ಒಂದೇ ವ್ಯತ್ಯಾಸ ಅಲ್ಲ, ಬಾಡಿ ಅಳತೆ ಬೇರೆ, ಒಳಗಿನ ಪಟ್ಟಿ ಬೇರೆ, ಪಿಕಪ್ ಬೇರೆ, ಅದೆಲ್ಲಾನೂ ಮರದ ಲೆಕ್ಕಕ್ಕೆ ಬರ್ಕೊಂಡೆ ಅನ್ಸುತ್ತೆ. ಆದ್ರೆ ನುಡಿಸೋವಾಗ ಹೊಟ್ಟೆಗೆ ಒತ್ಕೊಂಡಿರೋ ಬೆನ್ನು ಹೆಂಗೆ ಅದುರುತ್ತೆ ಅನ್ನೋದು ಕ್ಲಿಪ್‌ನಲ್ಲಿ ಬರಲ್ಲ, ಅಷ್ಟು ಮಾತ್ರ ನಾನು ಬಿಟ್ಟುಕೊಡಲ್ಲ.

ಒಂದು ದಡ್ಡತನ ಹೇಳ್ಲೇಬೇಕು. ಮಾರ್ಚಲ್ಲಿ ಬೆಂಗಳೂರಿನ ಒಣ ಗಾಳಿಗೆ ತಂತಿ ಎಲ್ಲ ಜಿರ್ ಜಿರ್ ಅನ್ನೋಕೆ ಶುರು ಆಯ್ತು, ಫ್ರೆಟ್ ತುದಿ ಅಂಗೈಗೆ ಚುಚ್ತಿತ್ತು. ಕುತ್ತಿಗೆ ಹಿಂದಕ್ಕೆ ಬಾಗಿದೆ ಅಂದ್ಕೊಂಡು ಕುತ್ತಿಗೆಯೊಳಗೆ ಬಾಗು ಸರಿಮಾಡೋ ಕಬ್ಬಿಣದ ಕಂಬಿ, ಟ್ರಸ್ ರಾಡನ್ನ, ಕಾಲು ಸುತ್ತು ಸಡಿಲ ಮಾಡ್ದೆ, ಜಿರ್ ನಿಂತ್ತು, ನಾನೇ ದೊಡ್ಡ ಮೆಕ್ಯಾನಿಕ್ ಅಂತ ಬೀಗಿದೆ. ಅಸಲಿಗೆ ಮರ ಒಣಗಿ ಮುಂದಿನ ಹಲಗೆ ಕುಸಿದಿತ್ತು ಅಷ್ಟೇ. ಜೂನಲ್ಲಿ ಮಳೆ ಹಿಡೀತು, ಹಲಗೆ ಮತ್ತೆ ಉಬ್ತು, ಮೇಲಿಂದ ನನ್ನ ಕಾಲು ಸುತ್ತು, ತಂತಿ ಎಷ್ಟು ಎತ್ತರ ಆಯ್ತು ಅಂದ್ರೆ ಎಫ್ ಕಾರ್ಡ್ ಹಿಡಿಯೋಕೆ ಕುಸ್ತಿ. ಈಗ ಕೇಸ್ ಒಳಗೆ ತೇವಾಂಶ ಅಳೆಯೋ ಮುನ್ನೂರು ರೂಪಾಯಿ ಹೈಗ್ರೋಮೀಟರ್ ಇದೆ, 45ರಿಂದ 55 ಪರ್ಸೆಂಟ್ ಇದ್ರೆ ಮುಟ್ಟೋಕೆ ಹೋಗಲ್ಲ, ಕೆಳಗಿಳಿದ್ರೆ ತೇವದ ಪ್ಯಾಕ್ ಇಡ್ತೀನಿ.

ಬೀಟೆದನ್ನ ಮಾರಿಲ್ಲ. ರಾತ್ರಿ ಒಬ್ನೇ ಕೂತು ಮೋಹನದಲ್ಲಿ ಏನಾದ್ರೂ ಎಳೆಯೋವಾಗ ಕೈ ಅದನ್ನೇ ಹುಡುಕುತ್ತೆ, ಆಗ ನಂಗೆ ಬಾಲ ಬೇಕು, ನನ್ನ ತಪ್ಪು ಮುಚ್ಚೋರೂ ಬೇಕು. ಅಪ್ಪ ಫೋನ್ ಮಾಡಿದಾಗೆಲ್ಲ "ಆ ಪಟ್ಟೆ ಮರಕ್ಕೆ ಬಿರುಕು ಗಿರುಕು ಬಂತಾ" ಅಂತ ಕೇಳ್ತಾರೆ, ಇದುವರೆಗೂ ಸೌಂಡ್ ಹೆಂಗಿದೆ ಅಂತ ಕೇಳಿಲ್ಲ.