ಕನ್ನಡ ಟೈಪ್ ಮಾಡುವಾಗ ನಡುವೆ ಉರ್ದು ಬಂತಾ? ಕೀಬೋರ್ಡ್ ಕೆಟ್ಟಿಲ್ಲ

ಬೀದರ್‌ನ ಟೈಪಿಂಗ್ ಅಂಗಡಿಗಳಲ್ಲಿ ಬೆಳಿಗ್ಗೆ ತಹಶೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ, ಮಧ್ಯಾಹ್ನ ಉರ್ದು ಶಾದಿ ಕಾರ್ಡ್, ಸಂಜೆ ಯಾರದೋ ಮರಾಠಿ ಪತ್ರ. ಹಾಗಾಗಿ ಒಂದೇ ವಿಂಡೋಸ್‌ನಲ್ಲಿ ನಾಲ್ಕು ಭಾಷೆಯ ಕೀಬೋರ್ಡ್ ಸೇರಿಸಿರುತ್ತಾರೆ. ಕಿರಿಕಿರಿ ಶುರುವಾಗುವುದು ಇಲ್ಲಿಂದಲೇ.

ವರ್ಡ್‌ನಲ್ಲಿ ಆಲ್ಟ್, ಶಿಫ್ಟ್ ಹಿಡಿದು ಮೇಲಿನ ಬಾಣದ ಕೀ ಒತ್ತಿದರೆ ಇಡೀ ಪ್ಯಾರಾ ಮೇಲಕ್ಕೆ ಹೋಗುತ್ತದೆ. ನನಗೆ ತುಂಬಾ ಇಷ್ಟದ ಶಾರ್ಟ್‌ಕಟ್. ಆದರೆ ಬಾಣ ಒತ್ತುವ ಮೊದಲೇ ಬೆರಳು ಬಿಟ್ಟಿರೋ, ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಸೇರಿ ಭಾಷೆಯನ್ನೇ ಬದಲಿಸಿಬಿಡುತ್ತವೆ, ನೀವು ತಲೆ ಎತ್ತಿ ನೋಡುವಷ್ಟರಲ್ಲಿ ಅರ್ಧ ಸಾಲು ಉರ್ದು ಆಗಿರುತ್ತದೆ. ಇದು ವರ್ಡ್ ಮಾಡುವ ಕೆಲಸ ಅಲ್ಲ, ವಿಂಡೋಸ್‌ದು. ವರ್ಡ್ ಒಳಗೆ ಹುಡುಕಿ ನಾನು ಸುಮ್ನೆ ಒಂದು ಮಧ್ಯಾಹ್ನ ಕಳೆದಿದ್ದೇನೆ.

ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್ ತೆರೆದು ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತನಕ ಹೋಗಿ. ಅಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ಅಂತ ಇದೆ. ಒಳಗೆ ಚೇಂಜ್ ಕೀ ಸೀಕ್ವೆನ್ಸ್ ಒತ್ತಿ, ಎರಡೂ ಕಡೆ ನಾಟ್ ಅಸೈನ್ಡ್ ಆರಿಸಿ, ಓಕೆ ಕೊಡಿ. ಇನ್ನು ಭಾಷೆ ಬದಲಿಸಬೇಕಾದರೆ ವಿಂಡೋಸ್ ಕೀ ಮತ್ತು ಸ್ಪೇಸ್. ಅದು ತಪ್ಪಿ ಒತ್ತಿಹೋಗುವುದು ಕಡಿಮೆ.

ಕೆಲವರು ಉರ್ದು ಕೀಬೋರ್ಡನ್ನೇ ತೆಗೆದುಹಾಕುತ್ತಾರೆ. ಬೇಡ, ಮರುದಿನ ಶಾದಿ ಕಾರ್ಡಿನವರು ಬಂದು ನಿಲ್ಲುತ್ತಾರೆ ಅಲ್ವಾ?

ಉರ್ದು ಇರುವ ಕಂಪ್ಯೂಟರ್‌ನಲ್ಲಿ ಇನ್ನೊಂದು ಚೇಷ್ಟೆ ಇದೆ. ಕಂಟ್ರೋಲ್ ಜೊತೆ ಬಲಗಡೆಯ ಶಿಫ್ಟ್ ಒತ್ತಿ ಬಿಟ್ಟರೆ ಪ್ಯಾರಾ ಪೂರ್ತಿ ಬಲಕ್ಕೆ ಜಿಗಿದು, ಪೂರ್ಣವಿರಾಮ ಸಾಲಿನ ಎಡತುದಿಗೆ ಹೋಗಿ ಕೂರುತ್ತದೆ. ಗಾಬರಿಯಾಗಿ ಅಳಿಸಬೇಡಿ. ಪ್ಯಾರಾದಲ್ಲೇ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಎಡಗಡೆಯ ಶಿಫ್ಟ್ ಒತ್ತಿ, ವಾಪಸ್ ಬರುತ್ತದೆ.

ಏನು ಬರೆಯಲಿ ಅಂತ ಯೋಚಿಸುತ್ತಾ ಶಿಫ್ಟ್ ಮೇಲೆ ಬೆರಳು ತಟ್ಟುವ ಚಟ ನನಗಿದೆ. ಐದು ಸಲ ತಟ್ಟಿದರೆ ಸ್ಟಿಕಿ ಕೀಸ್ (ಜೋಡಿ ಕೀಗಳನ್ನು ಒಂದೊಂದಾಗಿ ಒತ್ತುವ ಸೌಲಭ್ಯ) ಬೇಕಾ ಅಂತ ಕೇಳುವ ಡಬ್ಬಿ ಎದ್ದುಬರುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಕೀಬೋರ್ಡ್‌ನಲ್ಲಿ ಆ ಶಾರ್ಟ್‌ಕಟ್ ಆಫ್ ಮಾಡಿ.

ಕೊನೆಗೆ ವರ್ಡ್‌ನ ಕಂಟ್ರೋಲ್ ಕ್ಯೂ. ಎಲ್ಲ ಆರಿಸಲು ಕಂಟ್ರೋಲ್ ಎ ಒತ್ತಿದ ಬೆರಳೇ ಸ್ವಲ್ಪ ಮೇಲೆ ಜಾರಿದರೆ, ಕಷ್ಟಪಟ್ಟು ಕೊಟ್ಟ ಇಂಡೆಂಟ್, ಸಾಲಿನ ಅಂತರ ಎಲ್ಲ ಮಾಯ. ತಕ್ಷಣ ಕಂಟ್ರೋಲ್ ಝಡ್. ಶಾಶ್ವತವಾಗಿ ತೆಗೆಯಬೇಕೆಂದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ. ಕೆಳಗೆ ಕೀಬೋರ್ಡ್ ಶಾರ್ಟ್‌ಕಟ್ಸ್ ಪಕ್ಕದ ಕಸ್ಟಮೈಸ್ ಒತ್ತಿ, ಆಲ್ ಕಮಾಂಡ್ಸ್‌ನಲ್ಲಿ ರೀಸೆಟ್‌ಪ್ಯಾರಾ ಹುಡುಕಿ, ಕರೆಂಟ್ ಕೀಸ್‌ನಲ್ಲಿರುವುದನ್ನು ಆರಿಸಿ ರಿಮೂವ್ ಕೊಡಿ. ವರ್ಡ್ ಬದಲು ಕೆಲವರು ಬಳಸುವ ಲಿಬ್ರೆಆಫೀಸ್‌ನಲ್ಲಿ ಇದೇ ಕಂಟ್ರೋಲ್ ಕ್ಯೂ ಇಡೀ ಪ್ರೋಗ್ರಾಂ ಅನ್ನೇ ಮುಚ್ಚುತ್ತದೆ, ಅಲ್ಲಿ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್‌ನಲ್ಲಿ ತೆಗೆಯಬಹುದು.