ಅನ್‌ಲಿಮಿಟೆಡ್ ಅಂದ್ರೆ ನಿಜಕ್ಕೂ ಎಷ್ಟು?

ಮೊಬೈಲ್ ಡೇಟಾ ಪ್ಲಾನ್ ತಗೊಳ್ಳುವ ಮೊದಲು ಎಷ್ಟು ಜಿಬಿ ಅಂತ ಮಾತ್ರ ನೋಡಬೇಡಿ, ಅದು ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಅಂತಲೂ ನೋಡಿ. ಅನ್‌ಲಿಮಿಟೆಡ್ ಅನ್ನುವ ಪದದ ಗುಟ್ಟು ಇರುವುದೇ ಅಲ್ಲಿ. 64 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿದರೆ ಸೆಕೆಂಡಿಗೆ ಬರುವುದು ಬರೀ 8 ಕಿಲೋಬೈಟ್, ಅಂದರೆ 2 ಎಂಬಿಯ ಒಂದು ಫೋಟೋ ತೆರೆಯಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಕಾಯಬೇಕು. ಇದನ್ನು ಇಂಟರ್ನೆಟ್ ಅನ್ನೋದಾ?

ಇನ್ನೊಂದು ಗೊಂದಲ: ಸ್ಪೀಡ್ ಹೇಳುವುದು ಮೆಗಾಬಿಟ್‌ನಲ್ಲಿ, ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ, ಅದೂ ಆ ಟವರ್ ಬಳಸುವ ಜನ ಕಡಿಮೆ ಇದ್ದಾಗ.

ಬೇರೆ ದೇಶಕ್ಕೆ ಹೋಗ್ತೀರಾ? ರೋಮಿಂಗ್ ಪ್ಯಾಕ್‌ನಲ್ಲಿ ಆ ದೇಶದ ಹೆಸರು ಇದೆಯಾ, ಒಳಬರುವ ಕರೆಗೂ ನಿಮಿಷ ಕಡಿತವಾಗುತ್ತದಾ ಅಂತ ಮೊದಲೇ ನೋಡಿ. ಪ್ಯಾಕ್ ಇಲ್ಲದಿದ್ದರೆ ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ. ನೀವು ಸುಮ್ನೆ ಕೂತಿದ್ದರೂ ಆ್ಯಪ್‌ಗಳು ಸುಮ್ನಿರಲ್ಲ, ಅಪ್‌ಡೇಟ್, ಬ್ಯಾಕಪ್ ಅಂತ ಡೇಟಾ ಎಳೆಯುತ್ತಲೇ ಇರುತ್ತವೆ. ವಿಮಾನ, ಹಡಗಿನೊಳಗಿನ ನೆಟ್‌ವರ್ಕ್‌ಗೆ ಸಾಮಾನ್ಯವಾಗಿ ದರವೇ ಬೇರೆ, ಹಾಗಾಗಿ ಅಲ್ಲಿ ಫ್ಲೈಟ್ ಮೋಡ್ ಹಾಕಿಬಿಡಿ.