ಬೋಟ್ ಎಂಜಿನ್: ಟೆಂಪರೇಚರ್ ಮೀಟರ್ ಒಂದನ್ನೇ ನಂಬಬೇಡಿ

ಜೋರಾಗಿ ಓಡಿಸುವ ಬೋಟ್ ಇದ್ದವರು ಎಂಜಿನ್ ತಣ್ಣಗಿಡುವ ನೀರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್ ಒಂದನ್ನು ಹಾಕಿಸಿಕೊಳ್ಳಿ. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೇ ಖಾಲಿಯಾದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಪ್ರೆಶರ್ ಮುಳ್ಳು ಹಾಗಲ್ಲ, ನೀರು ನಿಂತ ಕೂಡಲೇ ಬೀಳುತ್ತದೆ.

ಹೊರಗಿನ ನೀರನ್ನೇ ನೇರವಾಗಿ ಎಂಜಿನ್‌ಗೆ ಬಿಡುವ ಬೋಟ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ವೇಗ ಹೆಚ್ಚಿದಂತೆ ಪಂಪ್ ಜಾಸ್ತಿ ನೂಕುತ್ತದೆ, ನೀರು ಒಳಗೆ ಬರುವ ಬಾಯಿಗೂ (ಪಿಕಪ್) ನೀರು ರಭಸದಿಂದ ನುಗ್ಗುತ್ತದೆ. ಪ್ರೆಶರ್ ಮಿತಿ ಮೀರಿದರೆ ಹೋಸ್ ಕಿತ್ತು ಬರಬಹುದು, ಎಂಜಿನ್ ಭಾಗಗಳ ನಡುವೆ ಸೋರದಂತೆ ಕೂರಿಸಿದ ಗ್ಯಾಸ್ಕೆಟ್ ಸೋರಬಹುದು. ಅದಕ್ಕೇ ಎಂಜಿನ್‌ಗೆ ಹೋಗುವ ಮುಂಚೆಯೇ ಒಂದು ರಿಲೀಫ್ ವಾಲ್ವ್ (ಪ್ರೆಶರ್ ಹೆಚ್ಚಾದರೆ ಸ್ಪ್ರಿಂಗ್ ತಳ್ಳಿ ತೆರೆದು ಹೆಚ್ಚಿನ ನೀರನ್ನು ಹೊರಬಿಡುವ ವಾಲ್ವ್) ಇರಬೇಕು. ಅದರ ನೀರು ಬೋಟಿನ ಹೊರಗೆ, ಕಣ್ಣಿಗೆ ಕಾಣುವ ಕಡೆ ಬೀಳಲಿ. ಸ್ಪ್ರಿಂಗ್ ಬಿಗಿ ಎಷ್ಟಿರಬೇಕು ಅನ್ನುವುದನ್ನು ಫುಲ್ ಸ್ಪೀಡ್‌ನಲ್ಲಿ ಗೇಜ್ ತೋರಿಸಿದ್ದನ್ನು ನೋಡಿ ತೀರ್ಮಾನಿಸಿ. ಬೋಟ್ ನಿಂತಿರುವಾಗ ಸ್ಪ್ರಿಂಗ್ ಬಿಗಿ ಮಾಡಿ ಪ್ರಯೋಜನವಿಲ್ಲ. ಮಿತಿ ಎಷ್ಟೆಂದು ಎಂಜಿನ್ ತಯಾರಕರ ಪುಸ್ತಕದಲ್ಲಿ ನೋಡಿ.

'ತಣ್ಣಗಿದ್ದಷ್ಟೂ ಒಳ್ಳೇದಲ್ವಾ?' ಅಂತ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರಿನ ಹರಿವು ತಡೆಯುವ ವಾಲ್ವ್) ಕಿತ್ತೆಸೆಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಂಜಿನ್ ತೀರಾ ತಣ್ಣಗಿದ್ದರೆ ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತದೆ, ತೇವವೂ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ. ಆದರೆ ಹೊರಗಿನ ಉಪ್ಪು ನೀರನ್ನೇ ಎಂಜಿನ್‌ಗೆ ಬಿಡುವ ಬೋಟ್‌ಗಳಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಥರ್ಮೋಸ್ಟಾಟ್ ವಾಡಿಕೆ. ಬಿಸಿ ಜಾಸ್ತಿಯಾದರೆ ಒಳಗೆ ಉಪ್ಪು ಕಟ್ಟಿಕೊಳ್ಳುತ್ತದೆ.

ಪ್ರೆಶರ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮೊದಲು ಕಸ ಹಿಡಿಯುವ ಜಾಲರಿ (ಸ್ಟ್ರೈನರ್), ಆಮೇಲೆ ಪಂಪ್ ಒಳಗೆ ತಿರುಗುವ ರೆಕ್ಕೆಗಳ ಚಕ್ರ (ಇಂಪೆಲ್ಲರ್) ನೋಡಿ. ರೆಕ್ಕೆ ಮುರಿದಿದ್ದರೆ ಸುಮ್ನೆ ಹೊಸದು ಹಾಕಿ ಬಿಡಬೇಡಿ, ಮುರಿದ ಚೂರುಗಳನ್ನೂ ಹುಡುಕಿ ತೆಗೆಯಿರಿ. ಅವು ಮುಂದೆ ಆಯಿಲ್ ತಣಿಸುವ ಕೂಲರ್‌ನ ಬಾಯಲ್ಲೇ ಸಿಕ್ಕಿಕೊಂಡಿರುವುದು ಹೆಚ್ಚು.